ಗಂಡು ವೇಷದಲ್ಲಿ ಯುದ್ಧಕ್ಕೆ ಹೋದಳು ಅಂತಾರಲ್ಲ, ಆ ಮುಲಾನ್ ನಿಜವಾಗಿ ಇದ್ದಳಾ? ಚೀನಾದ ವೀರ ಮಹಿಳೆಯರ ಬಗ್ಗೆ ಪ್ರಾಜೆಕ್ಟ್ ಮಾಡೋಕೆ ಯಾವ ಸಿನಿಮಾದಿಂದ ಶುರು ಮಾಡಲಿ?

ಅಯ್ಯೋ, ನಾನೂ ಎಂ.ಎ. ಕೊನೆಯ ಸೆಮಿಸ್ಟರ್‌ಗೆ ಇದೇ ವಿಷಯ ಆರಿಸಿಕೊಂಡಿದ್ದೆ. ಯಾರು ನಿಜ, ಯಾರು ಕಟ್ಟುಕಥೆ ಅಂತ ಎರಡು ಕಾಲಂ ಹಾಕಿಕೊಂಡು ಕೂತಿದ್ದೆ. ನನ್ನನ್ನು ಮುಳುಗಿಸಿದ್ದು ಮುಲಾನ್ ಅಲ್ಲ, ಮು ಗುಯಿಯಿಂಗ್.

ಪೀಕಿಂಗ್ ಆಪೆರಾದಲ್ಲಿ, ಅಂದರೆ ಚೀನಾದ ಸಾಂಪ್ರದಾಯಿಕ ಸಂಗೀತ ನಾಟಕದಲ್ಲಿ, ಅವಳನ್ನು ಒಮ್ಮೆ ನೋಡಿ. ಬೆನ್ನಿಗೆ ನಾಲ್ಕು ತ್ರಿಕೋನ ಬಾವುಟ. ಕಿರೀಟದಿಂದ ಎರಡು ಉದ್ದನೆಯ ಗರಿ, ಸೊಂಟ ದಾಟುವಷ್ಟು. ಆ ಗರಿಯನ್ನು ಎರಡು ಬೆರಳಲ್ಲಿ ಹಿಡಿದು ಬಗ್ಗಿಸಿ ನಿಂತಳು ಅಂದರೆ, ಇವಳು ಇರಲೇ ಇಲ್ಲ ಅನ್ನೋಕೆ ಮನಸ್ಸೇ ಬರಲ್ಲ. ಉತ್ತರದ ಖಿತಾನ್ ಜನಾಂಗದವರ ವಿರುದ್ಧ ಚೀನಾದ ಸಾಂಗ್ ರಾಜ್ಯದ ಪರವಾಗಿ ಹೋರಾಡಿದ ಯಾಂಗ್ ಮನೆತನದ ಸೊಸೆ ಅವಳು. ನನ್ನ ಲೆಕ್ಕ ಹೀಗಿತ್ತು: ಸೇನಾಪತಿ ಯಾಂಗ್ ಯೆ ನಿಜ, 986ರಲ್ಲಿ ಸೆರೆಸಿಕ್ಕು ಸತ್ತಿದ್ದೂ ನಿಜ. ಮಗ ಯಾಂಗ್ ಯಾನ್‌ಜಾವೊ ನಿಜ, ಮೊಮ್ಮಗ ಯಾಂಗ್ ವೆನ್‌ಗುವಾಂಗ್ ನಿಜ. ಮನೆಮಂದಿಯೆಲ್ಲ ನಿಜ ಆದಮೇಲೆ ಸೊಸೆಯೊಬ್ಬಳು ಸುಳ್ಳು ಆಗ್ತಾಳಾ?

ಆಗ್ತಾಳೆ. ಸಾಂಗ್ ಇತಿಹಾಸ ಗ್ರಂಥದಲ್ಲಿ ವೆನ್‌ಗುವಾಂಗ್ ನೇರವಾಗಿ ಯಾನ್‌ಜಾವೊನ ಮಗ. ಕಥೆಗಾರರು ಇವರಿಬ್ಬರ ಮಧ್ಯೆ ಯಾಂಗ್ ಜೋಂಗ್‌ಬಾವೊ ಅಂತ ಒಬ್ಬನನ್ನು ತೂರಿಸಿದರು. ಅಂದರೆ ವಂಶದಲ್ಲಿ ಒಂದು ತಲೆಮಾರನ್ನೇ ಹೊಸದಾಗಿ ಹುಟ್ಟಿಸಿದರು. ಅವನಿಗೆ ಮು ಗುಯಿಯಿಂಗ್‌ಳನ್ನು ಮದುವೆ ಮಾಡಿಸಿದರು. ನಾನು ಪುಣ್ಯಾತ್ಮ, ಆಪೆರಾ ಮತ್ತು ಇದೇ ಮನೆತನದ ಕಥೆಯ 1972ರ ಹಾಂಗ್‌ಕಾಂಗ್ ಸಿನಿಮಾ ನೋಡಿ ವಂಶವೃಕ್ಷ ಬರೆದೆ. ಅದರ ಮೇಲೆ 'ಸಾಂಗ್ ಕಾಲದಲ್ಲಿ ಮಹಿಳಾ ಸೇನಾಪತಿಗಳು' ಅಂತ ಒಂದು ಅಧ್ಯಾಯ ಎಬ್ಬಿಸಿದೆ. ಮುಂದಿನ ಅಧ್ಯಾಯವೂ ಅದರ ಮೇಲೇ ನಿಂತಿತ್ತು. ನನ್ನ ಗೈಡ್ ಕೇಳಿದ್ದು ಒಂದೇ ಮಾತು: "ಇವಳ ಹೆಸರು ಯಾವ ದಾಖಲೆಯಲ್ಲಿದೆ?" ಉತ್ತರ ಇರಲಿಲ್ಲ. ಎಲ್ಲ ಕಿತ್ತು ಮತ್ತೆ ಬರೆಯುವಷ್ಟರಲ್ಲಿ ಸಲ್ಲಿಸುವ ದಿನ ದಾಟಿತ್ತು. ಜೂನಿಯರ್‌ಗಳ ಜೊತೆ ಪಾಸಾದೆ. ಕೈಗೆ ಬಂದಿದ್ದ ಒಂದು ಕೆಲಸವೂ ಹೋಯ್ತು.

ಬೇಜಾರು ಮಾಡ್ಕೋಬೇಡಿ, ಆದರೆ ನಿಮ್ಮ "ನಿಜವಾಗಿ ಇದ್ದಳಾ" ಅನ್ನೋ ಪ್ರಶ್ನೆಯನ್ನೇ ಕೈಬಿಡಿ. ಮುಲಾನ್ ಇದ್ದಳು ಅನ್ನೋಕೆ ಗಟ್ಟಿ ಆಧಾರ ಇಲ್ಲ, ಅಲ್ಲಿಗೆ ಅದು ಮುಗೀತು. ಅವಳನ್ನು ಯಾವ ಕಾಲದವರು ಯಾವುದಕ್ಕೆ ಬಳಸಿಕೊಂಡರು ಅಂತ ಕೇಳಿ, ಆಗ ಮಜಾ ಬರುತ್ತೆ. ಅವಳ ಕಥೆ ಹೇಳುವ ಹಳೆಯ ಲಾವಣಿಯಲ್ಲಿ ಯುದ್ಧಕ್ಕೆ ಸಿಕ್ಕಿರೋದು ಆರೇ ಸಾಲು! ಉಳಿದಿದ್ದೆಲ್ಲ ಮಗ್ಗದ ಮುಂದೆ ನಿಟ್ಟುಸಿರು, ಪೂರ್ವದ ಸಂತೆಯಲ್ಲಿ ಕುದುರೆ, ಪಶ್ಚಿಮದ ಸಂತೆಯಲ್ಲಿ ಜೀನು, ಆಮೇಲೆ ಮನೆಗೆ ಬಂದು ಹಳೇ ಬಟ್ಟೆ ಉಟ್ಟುಕೊಳ್ಳೋದು. ಅವಳಿಗೆ 'ಹುವಾ' ಅನ್ನೋ ಮನೆತನದ ಹೆಸರು ಕೊಟ್ಟವನು 16ನೇ ಶತಮಾನದ ನಾಟಕಕಾರ ಶು ವೇಯ್. ಆ ಹೊತ್ತಿಗೆ ಹೆಣ್ಣುಮಕ್ಕಳ ಪಾದ ಕಟ್ಟುವ ಪದ್ಧತಿ ಬಂದಿತ್ತಲ್ವಾ, ಹಾಗಾಗಿ ಅವನ ಮುಲಾನ್ ಯುದ್ಧಕ್ಕೆ ಹೊರಡೋ ಮುಂಚೆ ಕಾಲಿನ ಕಟ್ಟು ಬಿಚ್ಚುತ್ತಾಳೆ. ಪಾದ ಮತ್ತೆ ಚಿಕ್ಕದು ಮಾಡೋಕೆ ಮನೆಮದ್ದಿದೆ ಅಂತ ಸಮಾಧಾನ ಬೇರೆ ಹೇಳ್ಕೋತಾಳೆ. 1939ರಲ್ಲಿ ಶಾಂಘೈನಲ್ಲಿ ಅವಳ ಸಿನಿಮಾ ಬಂದಾಗ ಸುತ್ತಲೂ ಜಪಾನಿ ಸೈನ್ಯ ಇತ್ತು. ತೆರೆಯ ಮೇಲಿನ ಶತ್ರು ಯಾರು ಅಂತ ಜನಕ್ಕೆ ಬಿಡಿಸಿ ಹೇಳಬೇಕಿರಲಿಲ್ಲ.

ನಿಜವಾದವರೇ ಬೇಕು ಅಂತ ಗೈಡ್ ಹಠ ಹಿಡಿದರೆ ಫು ಹಾವ್ ತಗೊಳ್ಳಿ. ಶಾಂಗ್ ಅರಸ ವು ಡಿಂಗ್‌ನ ರಾಣಿ, ಸುಮಾರು 3,200 ವರ್ಷ ಹಿಂದಿನವಳು. ಅವಳು 13,000 ಜನರ ಸೈನ್ಯ ನಡೆಸಿದ್ದು ಮೂಳೆ ಶಾಸನದಲ್ಲಿದೆ. 1976ರಲ್ಲಿ ಆನ್ಯಾಂಗ್‌ನಲ್ಲಿ ಕಳ್ಳರು ಮುಟ್ಟದ ಅವಳ ಸಮಾಧಿ ಸಿಕ್ಕಿತು, ಒಳಗೆ ದೊಡ್ಡ ಕಂಚಿನ ಯುದ್ಧಗೊಡಲಿಗಳು. ಜನಪದಕ್ಕೆ ಮಾತ್ರ ಅವಳ ನೆನಪೇ ಇರಲಿಲ್ಲ. ಮಿಂಗ್ ಕಾಲದ ಚಿನ್ ಲಿಯಾಂಗ್‌ಯು ಕೂಡ ಇದ್ದಾಳೆ. ಅವಳ ಚರಿತ್ರೆಯನ್ನು ಮಿಂಗ್ ಇತಿಹಾಸದವರು ಪತಿವ್ರತೆಯರ ಸಾಲಿಗೆ ಹಾಕದೆ ಸೇನಾಪತಿಗಳ ಸಾಲಿಗೇ ಹಾಕಿದ್ದಾರೆ.

ಸಿನಿಮಾನಾ? ಮುಲಾನ್‌ನಿಂದ ಶುರು ಮಾಡಲೇಬೇಡಿ. 1966ರ 'ಕಮ್ ಡ್ರಿಂಕ್ ವಿತ್ ಮಿ' ನೋಡಿ, ಕಿಂಗ್ ಹೂ ನಿರ್ದೇಶನ. ಅಣ್ಣನನ್ನು ಬಿಡಿಸೋಕೆ ಗಂಡು ವೇಷದಲ್ಲಿ ಬಂದ ಗೋಲ್ಡನ್ ಸ್ವಾಲೋ ಛತ್ರದಲ್ಲಿ ಒಬ್ಬಳೇ ಕೂತಿರುತ್ತಾಳೆ. ಸುತ್ತ ಪುಂಡರು ಸೇರಿಕೊಳ್ಳುತ್ತಾರೆ. ಅವಳು ಎದ್ದೇಳೋದೂ ಇಲ್ಲ. ಆ ನಟಿ ಚೆಂಗ್ ಪೇ-ಪೇ ಕಲಿತಿದ್ದು ಕುಸ್ತಿ-ಗಿಸ್ತಿ ಅಲ್ಲ, ಬ್ಯಾಲೆ. ಕಿಂಗ್ ಹೂ ಹೊಡೆದಾಟವನ್ನೂ ಪೀಕಿಂಗ್ ಆಪೆರಾದ ತಾಳಕ್ಕೇ ಕೂರಿಸಿದ. ಮು ಗುಯಿಯಿಂಗ್‌ಳ ಬಾವುಟ, ಗರಿ ಎಲ್ಲ ಕಳಚಿಟ್ಟರೆ ಉಳಿಯೋ ನಡಿಗೆ ಇದೇ ಅಂತ ನನ್ನ ಅಭಿಪ್ರಾಯ. ನಿಮ್ಮ ಪ್ರಾಜೆಕ್ಟ್‌ಗೆ ಈ ಒಂದು ಎಳೆ ಸಾಕು.

2000ದ 'ಕ್ರೌಚಿಂಗ್ ಟೈಗರ್'ನಲ್ಲಿ ಅದೇ ಚೆಂಗ್ ಪೇ-ಪೇ ಖಳನಾಯಕಿ ಜೇಡ್ ಫಾಕ್ಸ್. 2020ರ 'ಮುಲಾನ್' ನನಗೆ ಹಿಡಿಸಲಿಲ್ಲ, ಆದರೆ ಅದರಲ್ಲಿ ಹುಡುಗಿಗೆ ಗಂಡು ಗೊತ್ತು ಮಾಡೋಕೆ ಕೂರುವ ಸಿಡುಕಿ ಹೆಂಗಸೂ ಅವರೇ. ಬೇಕಿದ್ದರೆ ಆ ದೃಶ್ಯದವರೆಗೆ ನೋಡಿ ಆಫ್ ಮಾಡಿ.