ಓದುಗರ ಪ್ರಶ್ನೆ: ಆಡದೇ ಉಳಿದ ಟೂರ್ನಿಗಳ ಲೆಕ್ಕ

ಪ್ರಶ್ನೆ (ಶಿವಮೊಗ್ಗದ ಓದುಗರು): ಟೆನಿಸ್‌ನ ನಾಲ್ಕು ದೊಡ್ಡ ಟೂರ್ನಿಗಳಾದ ಗ್ರ್ಯಾಂಡ್‌ಸ್ಲಾಂಗಳ ಸಿಂಗಲ್ಸ್‌ನಲ್ಲಿ ಜೊಕೊವಿಚ್ 24, ನಡಾಲ್ 22, ಫೆಡರರ್ 20 ಗೆದ್ದಿದ್ದಾರೆ. ರಾಡ್ ಲೇವರ್ ಗೆದ್ದಿದ್ದು 11 ಮಾತ್ರ. ಆದರೂ ನೀವು ಲೇವರ್ ಹೆಸರನ್ನು ಇವರ ಸಾಲಿನಲ್ಲೇ ಇಡುತ್ತೀರಿ. ಹಳಬರ ಮೇಲಿನ ಅಭಿಮಾನವೇ?

ಅಭಿಮಾನ ಇದೆ. ಆದರೆ ಕಾರಣ ಅದಲ್ಲ. 1962ರಲ್ಲಿ ಲೇವರ್ ಒಂದೇ ವರ್ಷ ನಾಲ್ಕೂ ಗ್ರ್ಯಾಂಡ್‌ಸ್ಲಾಂ ಗೆದ್ದರು. ಆಗ ವಯಸ್ಸು 24. ಮರುವರ್ಷ ಆ ನಾಲ್ಕರಲ್ಲಿ ಒಂದಕ್ಕೂ ಅವರಿಗೆ ಪ್ರವೇಶ ಇರಲಿಲ್ಲ! ಯಾಕೆ ಗೊತ್ತಾ? ಸಂಭಾವನೆ ಪಡೆದು ಆಡುವ ವೃತ್ತಿಪರರ ತಂಡ ಸೇರಿದ್ದರು, ಅಷ್ಟೇ. ಆಗ ಈ ಟೂರ್ನಿಗಳೆಲ್ಲ ಅಮೆಚೂರ್ ಆಟಗಾರರಿಗೆ ಮಾತ್ರ. 1968ರ ಫ್ರೆಂಚ್ ಓಪನ್‌ಗೆ ಬಾಗಿಲು ತೆರೆಯುವಷ್ಟರಲ್ಲಿ 21 ಗ್ರ್ಯಾಂಡ್‌ಸ್ಲಾಂಗಳು ಮುಗಿದುಹೋಗಿದ್ದವು. 24ರಿಂದ 29, ಆಟಗಾರನೊಬ್ಬನ ಕೈ ಪಳಗಿರುವ ವಯಸ್ಸು ಅದು.

ಆ ಐದು ವರ್ಷಗಳಲ್ಲಿ ರಾಯ್ ಎಮರ್ಸನ್ 10 ಗೆದ್ದರು. ಅವರ ಒಟ್ಟು ಗಳಿಕೆಯೇ 12. 1962ರ ನಾಲ್ಕು ಫೈನಲ್‌ಗಳ ಪೈಕಿ ಮೂರರಲ್ಲಿ ಲೇವರ್ ಸೋಲಿಸಿದ್ದು ಇದೇ ಎಮರ್ಸನ್ ಅವರನ್ನು. ಹಾಗಂತ ಆ ಹತ್ತನ್ನೂ ಎತ್ತಿ ಲೇವರ್ ಖಾತೆಗೆ ಹಾಕುವವರಿದ್ದಾರೆ. ನಾನು ಒಪ್ಪುವುದಿಲ್ಲ. ಹಾಗೆ ಮಾಡಿದರೆ ಅದೇ ಲೆಕ್ಕ 1962ಕ್ಕೂ ಅನ್ವಯಿಸಬೇಕಲ್ವಾ? ಆ ವರ್ಷ ಲ್ಯೂ ಹೋಡ್, ಕೆನ್ ರೋಸ್‌ವಾಲ್ ಇಬ್ಬರೂ ವೃತ್ತಿಪರರು, ಅವರಿಗೂ ಬಾಗಿಲು ಮುಚ್ಚಿತ್ತು. 1963ರ ಆರಂಭದಲ್ಲಿ ಲೇವರ್ ಈ ಇಬ್ಬರೆದುರು ಆಡತೊಡಗಿದಾಗ ಒಂದರ ಹಿಂದೆ ಒಂದು ಪಂದ್ಯ ಸೋತರು. ನಾಲ್ಕನ್ನೂ ಗೆದ್ದುಬಂದ ಚಾಂಪಿಯನ್‌ಗೆ ಆ ಗತಿ. ಅಲ್ಲೇ ಕಲಿತು, ಅಲ್ಲೇ ಬೆಳೆದು, 1969ರಲ್ಲಿ ಎಲ್ಲರೂ ಆಡಬಹುದಾದ ಕಾಲದಲ್ಲಿ ಮತ್ತೆ ನಾಲ್ಕೂ ಗೆದ್ದರು. ಪ್ಯಾರಿಸ್‌ನ ಫ್ರೆಂಚ್ ಓಪನ್ ಫೈನಲ್‌ನಲ್ಲಿ ಸೋಲಿಸಿದ್ದು ರೋಸ್‌ವಾಲ್ ಅವರನ್ನು. ನಾನು ಲೇವರ್ ಹೆಸರು ಹಿಡಿಯುವುದು ಈ 1969ಕ್ಕಾಗಿ, ಆಡದ 21ಕ್ಕಾಗಿ ಅಲ್ಲ.

ನಿಜವಾಗಿ ನನಗೆ ಸಂಕಟವಾಗುವುದು ರೋಸ್‌ವಾಲ್ ವಿಷಯದಲ್ಲಿ. 1954, 1956ರಲ್ಲಿ ವಿಂಬಲ್ಡನ್ ಫೈನಲ್ ಸೋತರು. 1957ರಿಂದ 1967ರವರೆಗೆ ಹನ್ನೊಂದು ವಿಂಬಲ್ಡನ್ ಆಡುವಂತಿರಲಿಲ್ಲ. ತಿರುಗಿ ಬಂದು 1970ರಲ್ಲಿ ಮತ್ತೆ ಫೈನಲ್, ಮತ್ತೆ ಸೋಲು. 1974ರಲ್ಲಿ 39ನೇ ವಯಸ್ಸಿಗೆ ಇನ್ನೊಂದು ಫೈನಲ್. ಎದುರಿಗೆ 21ರ ಹುಡುಗ ಜಿಮ್ಮಿ ಕಾನರ್ಸ್. 6-1, 6-1, 6-4. ಆ ಕಪ್ ರೋಸ್‌ವಾಲ್ ಕೈಗೆ ಕೊನೆಗೂ ಸಿಗಲಿಲ್ಲ. ದಾಖಲೆ ಪುಸ್ತಕದಲ್ಲಿ ‘ನಾಲ್ಕು ಸಲ ರನ್ನರ್ ಅಪ್’ ಅಂತ ಮಾತ್ರ ಇರುತ್ತದೆ. ಮಧ್ಯದ ಹನ್ನೊಂದು ವರ್ಷ ಯಾರ ಕಣ್ಣಿಗೂ ಬೀಳುವುದಿಲ್ಲ.

ಪ್ರಶ್ನೆ (ಮೈಸೂರಿನ ಓದುಗರು): ಮೋನಿಕಾ ಸೆಲೆಸ್‌ಗೆ ಚಾಕು ಇರಿತವಾಗದಿದ್ದರೆ ಸ್ಟೆಫಿ ಗ್ರಾಫ್ 22 ಗ್ರ್ಯಾಂಡ್‌ಸ್ಲಾಂ ಗೆಲ್ಲುತ್ತಿದ್ದರೇ?

1993ರ ಏಪ್ರಿಲ್ 30, ಹ್ಯಾಂಬರ್ಗ್. ಅಂಕಣ ಬದಲಿಸುವ ಬಿಡುವಿನಲ್ಲಿ ಸೆಲೆಸ್ ಕುರ್ಚಿಯಲ್ಲಿ ಕೂತು ಮುಂದಕ್ಕೆ ಬಾಗಿದ್ದರು. ಹಿಂದಿನಿಂದ ಒಬ್ಬ ಬೆನ್ನಿಗೆ ಇರಿದ. ಗ್ರಾಫ್ ಮತ್ತೆ ನಂಬರ್ ಒನ್ ಆಗಲಿ ಅನ್ನುವ ಹುಚ್ಚು ಅವನಿಗೆ. ಸೆಲೆಸ್‌ಗೆ ಆಗ 19 ವರ್ಷ, ಆಗಲೇ 8 ಗ್ರ್ಯಾಂಡ್‌ಸ್ಲಾಂ ಗೆದ್ದಾಗಿತ್ತು. ಗಾಯ ವಾರಗಳಲ್ಲಿ ಮಾಯ್ದಿತು, ಹೆದರಿಕೆ ಮಾಯಲಿಲ್ಲ. ಮತ್ತೆ ಟೂರ್ನಿಗೆ ಇಳಿದಿದ್ದು 1995ರ ಆಗಸ್ಟ್‌ನಲ್ಲಿ. ಇರಿದವನು ಒಂದು ದಿನವೂ ಶಿಕ್ಷೆಯ ಜೈಲು ಕಾಣಲಿಲ್ಲ, ಅಮಾನತಿನಲ್ಲಿಟ್ಟ ಶಿಕ್ಷೆ ಕೊಟ್ಟರು. ಇವತ್ತಿಗೂ ನೆನೆದರೆ ಮೈ ಉರಿಯುತ್ತದೆ.

ಈ ನಡುವೆ 10 ಗ್ರ್ಯಾಂಡ್‌ಸ್ಲಾಂ ನಡೆದವು. ಗ್ರಾಫ್ ಗೆದ್ದಿದ್ದು ಆರು. ಅವೆಲ್ಲ ಸೆಲೆಸ್‌ಗೇ ಸಿಗುತ್ತಿದ್ದವು ಅನ್ನಲಾಗದು. 1992ರ ವಿಂಬಲ್ಡನ್ ಫೈನಲ್‌ನಲ್ಲಿ ಗ್ರಾಫ್ ಇದೇ ಸೆಲೆಸ್‌ರನ್ನು 6-2, 6-1ರಿಂದ ಸೋಲಿಸಿದ್ದರು. ವಿಂಬಲ್ಡನ್‌ನ ಹುಲ್ಲಿನ ಅಂಕಣದ ಮೇಲೆ ಗ್ರಾಫ್ ಗ್ರಾಫೇ. ಆದರೆ ಪ್ಯಾರಿಸ್‌ನಲ್ಲಿ? ಸೆಲೆಸ್ ಅಲ್ಲಿ 1990ರಿಂದ ಸತತ ಮೂರು ಸಲ ಗೆದ್ದಿದ್ದರು. ನಾಲ್ಕನೆಯದಕ್ಕೆ ಒಂದು ತಿಂಗಳೂ ಇರಲಿಲ್ಲ. 1993ರ ಆ ಫ್ರೆಂಚ್ ಓಪನ್ ಬಗ್ಗೆ ಮಾತ್ರ ನನಗೆ ಅನುಮಾನ ಹೋಗುವುದೇ ಇಲ್ಲ. ಗ್ರಾಫ್ ತಪ್ಪೇನೂ ಇಲ್ಲ, ಎದುರಿಗೆ ಬಂದವರನ್ನು ಅವರು ಸೋಲಿಸಿದರು. ಆದರೆ ಗ್ರಾಫ್ 22, ಸೆಲೆಸ್ 9 ಅಂತ ಬರೆದು ಹ್ಯಾಂಬರ್ಗ್ ಹೆಸರೆತ್ತದಿದ್ದರೆ ಆ ಬರಹ ಅರ್ಧ ಸುಳ್ಳು.

ಪ್ರಶ್ನೆ (ಹುಬ್ಬಳ್ಳಿಯ ಓದುಗರು): ಸ್ವೀಡನ್ನಿನ ಬೋರ್ಗ್ ಅಂಥವರಿಗೂ ಆಸ್ಟ್ರೇಲಿಯನ್ ಓಪನ್ ಯಾಕೆ ದಕ್ಕಲಿಲ್ಲ?

ಆಡಿದ್ದೇ ಒಂದು ಸಲ, 1974ರಲ್ಲಿ. ದೂರದ ಪ್ರಯಾಣ, ಕ್ರಿಸ್‌ಮಸ್-ಹೊಸವರ್ಷದ ಸಮಯ. ಆಗಿನ ದೊಡ್ಡ ಆಟಗಾರರು ಅತ್ತ ಜಾಸ್ತಿ ಹೋಗುತ್ತಲೇ ಇರಲಿಲ್ಲ. ಗ್ರ್ಯಾಂಡ್‌ಸ್ಲಾಂ ಎಣಿಸಿ ಶ್ರೇಷ್ಠರನ್ನು ಆರಿಸುವ ಅಭ್ಯಾಸ ಆಮೇಲಿನದು. ಹಾಗಾಗಿ ಬೋರ್ಗ್ 11ನ್ನು ಇವತ್ತಿನವರ 20ರ ಪಕ್ಕ ಸುಮ್ನೆ ಇಟ್ಟು ನೋಡಬೇಡಿ.

ಪ್ರಶ್ನೆ (ಮಂಗಳೂರಿನ ಓದುಗರು): ನಮ್ಮವರು ಹೀಗೆ ಕಳೆದುಕೊಂಡಿದ್ದು ಉಂಟೇ?

ಉಂಟು. 1974ರ ಡೇವಿಸ್ ಕಪ್, ಅಂದರೆ ದೇಶಗಳ ತಂಡಗಳು ಆಡುವ ಟೆನಿಸ್ ಟೂರ್ನಿ. ಕಲ್ಕತ್ತಾದಲ್ಲಿ ಆಸ್ಟ್ರೇಲಿಯಾ ವಿರುದ್ಧ ವಿಜಯ್ ಮತ್ತು ಆನಂದ್ ಅಮೃತರಾಜ್ ಆಡಿದ ಡಬಲ್ಸ್ ನೋಡಿ: 17-15, 6-8, 6-3, 16-18, 6-4. ಒಟ್ಟು 99 ಗೇಮ್! ಆಮೇಲೆ ಸೋವಿಯತ್ ಒಕ್ಕೂಟವನ್ನೂ ಮಣಿಸಿ ಫೈನಲ್ ತಲುಪಿದೆವು. ಎದುರಾಳಿ ದಕ್ಷಿಣ ಆಫ್ರಿಕಾ. ವರ್ಣಭೇದ ನೀತಿಯ ದೇಶದ ಜೊತೆ ಆಡುವುದಿಲ್ಲ ಎಂದು ಭಾರತ ಹಿಂದೆ ಸರಿಯಿತು. ಕಪ್ ಅವರ ಪಾಲಾಯಿತು. 1966 ಮತ್ತು 1987ರ ಫೈನಲ್‌ಗಳನ್ನು ಆಡಿ ಸೋತೆವು, ಕಪ್ ಇವತ್ತಿಗೂ ಬಂದಿಲ್ಲ. ಆಟಗಾರರಿಗೆ ಅದು ಹೊಟ್ಟೆಯುರಿಯುವ ನಷ್ಟ. ಆದರೂ ಆ ನಿರ್ಧಾರ ಸರಿಯೆಂದೇ ನಾನು ಹೇಳುವುದು. ಅಮೃತರಾಜ್ ಸೋದರರ ಸಾಧನೆ ಬರೆಯುವಾಗ ಈ ಆಡದ ಫೈನಲ್‌ಗೂ ಒಂದು ಸಾಲು ಕೊಡಬೇಕು.