ರಾಸ್ಪ್‌ಬೆರಿ: ಯಾವ ಕೋಲು ಸವರಬೇಕು, ಕಂದು ಯಾವಾಗ ಕಿತ್ತು ನೆಡಬೇಕು?

ಚಳಿಗಾಲದಲ್ಲಿ ಎಲ್ಲ ಕೋಲುಗಳನ್ನೂ ಬುಡಕ್ಕೆ ಕತ್ತರಿಸಿದೆ, ಆಮೇಲೆ ಎದೆಮಟ್ಟ ಬೆಳೆದರೂ ಒಂದೇ ಒಂದು ಹಣ್ಣು ಬಿಡಲಿಲ್ಲ, ಪೊದೆಯೂ ಕಾಲಿಡಲಾಗದಷ್ಟು ಹಬ್ಬಿದೆ, ಅರ್ಧ ಕಿತ್ತು ಬೇರೆ ಕಡೆ ನೆಡಬಹುದೇ ಎಂದು ಕೇಳಿದ್ದೀರಿ. ಖಂಡಿತ ನೆಡಬಹುದು. ಗಿಡಕ್ಕೆ ರೋಗವೇನೂ ಬಂದಿಲ್ಲ. ಈ ವರ್ಷ ಹಣ್ಣು ಬಿಡಬೇಕಾಗಿದ್ದ ಕೋಲುಗಳೇ ನಿಮ್ಮ ಕತ್ತರಿಗೆ ಸಿಕ್ಕಿವೆ.

ರಾಸ್ಪ್‌ಬೆರಿಯ ಬೇರು ಹಲವು ವರ್ಷ ಬಾಳುತ್ತದೆ, ಆದರೆ ಒಂದೊಂದು ಕೋಲಿಗೂ ಎರಡೇ ವರ್ಷ ಆಯಸ್ಸು. ಮೊದಲ ವರ್ಷ ನೆಲದಿಂದೆದ್ದು ಎತ್ತರ ಬೆಳೆಯುತ್ತದೆ. ಚಳಿ ಕಳೆದ ಮೇಲೆ ಪಕ್ಕದ ಕವಲುಗಳಲ್ಲಿ ಹೂವಾಗಿ, ಹಣ್ಣು ಕೊಟ್ಟು, ಒಣಗಿ ಸಾಯುತ್ತದೆ. ಟುಲಮೀನ್, ಮೀಕರ್‌ನಂಥ ಬೇಸಿಗೆ ತಳಿಗಳ ಕ್ರಮ ಇದು, ನಿಮ್ಮದೂ ಇದೇ ಜಾತಿ. ಹೆರಿಟೇಜ್, ಆಟಮ್ ಬ್ಲಿಸ್ ತಳಿಗಳು ಮಾತ್ರ ಮೊದಲ ವರ್ಷದ ಕೋಲಿನ ತುದಿಯಲ್ಲೇ ಶರತ್ಕಾಲಕ್ಕೆ ಹಣ್ಣು ಬಿಡುತ್ತವೆ. ಎಲ್ಲವನ್ನೂ ನೆಲಸಮ ಮಾಡುವ ಸಲಹೆ ಅವುಗಳಿಗೆ ಹೇಳಿದ್ದು.

ಹಾಗಾಗಿ ಕತ್ತರಿ ಕೈಗೆತ್ತಿಕೊಳ್ಳುವ ಮೊದಲು ಕೋಲಿನ ವಯಸ್ಸು ಗುರುತಿಸಿ. ಹಳೆಯ ಕೋಲು ಬೂದುಬಣ್ಣಕ್ಕೆ ತಿರುಗಿ ಸಿಪ್ಪೆ ಸುಲಿಯುತ್ತಿರುತ್ತದೆ, ಅದಕ್ಕೆ ಪಕ್ಕದ ಕವಲುಗಳಿರುತ್ತವೆ. ಕವಲಿನ ತುದಿ ನೋಡಿ: ಹಣ್ಣು ಬಿಡಿಸಿಕೊಂಡಾಗ ಗಿಡದಲ್ಲೇ ಉಳಿದ ಬಿಳಿಯ ಪುಟ್ಟ ಗೋಪುರ ಒಣಗಿ ಅಲ್ಲೇ ಅಂಟಿಕೊಂಡಿರುತ್ತದೆ. (ರಾಸ್ಪ್‌ಬೆರಿ ಹಣ್ಣಿನ ಒಳಗೆ ಟೊಳ್ಳಿರುವುದು ಇದು ಹಿಂದೆ ಉಳಿಯುವುದರಿಂದಲೇ.) ಹೊಸ ಕೋಲು ನುಣುಪಾಗಿ, ಕವಲಿಲ್ಲದೆ, ಮೊದಲು ಹಸಿರಾಗಿ ಆಮೇಲೆ ಕೆಂಗಂದಾಗುತ್ತದೆ. ಗೆಣ್ಣುಗೆಣ್ಣಿಗೂ ಉಬ್ಬಿದ ಕಣ್ಣು ಕಾಣುತ್ತದೆ. ಮುಂದಿನ ಬೆಳೆ ಇರುವುದು ಆ ಕಣ್ಣುಗಳಲ್ಲಿ.

ಹಣ್ಣು ಕೊಟ್ಟ ಕೋಲನ್ನು ಕೊಯ್ಲು ಮುಗಿದ ಕೂಡಲೇ, ಕೂಳೆ ಬಿಡದೆ ನೆಲಕ್ಕೆ ಸಮನಾಗಿ ಕತ್ತರಿಸಿ. ಹೊಸ ಕೋಲುಗಳಿಗೆ ಬೆಳಕು, ಗಾಳಿ ಸಿಗುತ್ತದೆ, ಸತ್ತ ಕೋಲಿನ ಶಿಲೀಂಧ್ರ ಅವಕ್ಕೆ ದಾಟುವುದೂ ಕಡಿಮೆಯಾಗುತ್ತದೆ. ಆಮೇಲೆ ಚಳಿಗಾಲದ ಕೊನೆಗೆ, ಕಣ್ಣು ಒಡೆಯುವ ಮುಂಚೆ, ಸಾಲಿನ ಪ್ರತಿ 30 ಸೆಂ.ಮೀ. ಉದ್ದಕ್ಕೆ ಪೆನ್ಸಿಲ್ ದಪ್ಪದ 4-5 ಗಟ್ಟಿ ಕೋಲು ಉಳಿಸಿ ಮಿಕ್ಕಿದ್ದು ತೆಗೆಯಿರಿ. ಚೆನ್ನಾಗಿ ಬೆಳೆದ ಕೋಲನ್ನು ತೆಗೆಯಲು ಮನಸ್ಸು ಬರುವುದಿಲ್ಲ, ಆದರೂ ತೆಗೆಯಲೇಬೇಕು. ಒತ್ತಾಗಿ ಬಿಟ್ಟರೆ ಹಣ್ಣು ಸಣ್ಣದಾಗುತ್ತದೆ, ಬೂಷ್ಟು ಹಿಡಿಯುತ್ತದೆ. ತುದಿಯನ್ನು ಕಾಲು ಭಾಗಕ್ಕಿಂತ ಹೆಚ್ಚು ಸವರಬೇಡಿ, ಫಲ ಕೊಡುವ ಕಣ್ಣುಗಳು ಹೆಚ್ಚಿರುವುದು ಮೇಲ್ಭಾಗದಲ್ಲಿ.

ಇನ್ನು ಕಿತ್ತು ನೆಡುವುದು. ಕೆಂಪು ರಾಸ್ಪ್‌ಬೆರಿ ಬಾಳೆಯ ಹಾಗೆ ಸುತ್ತಲೂ ಕಂದು ಹಾಕುತ್ತದೆ, ನಿಮಗೆ ಬೇಕಾದ್ದು ಸಾಲಿನ ಹೊರಗೆದ್ದ ಕಂದುಗಳೇ. (ಕಪ್ಪು ರಾಸ್ಪ್‌ಬೆರಿಯ ದಾರಿ ಬೇರೆ, ಅದು ಬಾಗಿದ ಕೋಲಿನ ತುದಿ ನೆಲಕ್ಕೆ ತಾಗಿದಲ್ಲಿ ಬೇರು ಬಿಡುತ್ತದೆ.) ಎಲೆ ಉದುರಿ ಗಿಡ ಮಲಗಿರುವಾಗ, ಮಣ್ಣು ಹೆಪ್ಪುಗಟ್ಟದ ದಿನ ಕೀಳಿ. ನನ್ನ ಮಟ್ಟಿಗೆ ಚಿಗುರುವುದಕ್ಕೆ ಸ್ವಲ್ಪ ಮುಂಚಿನ ಸಮಯವೇ ಅತ್ಯುತ್ತಮ.

ಹೆಚ್ಚಿನವರು ಎಡವುವುದು ಕೀಳುವಾಗ. ಕಂದಿಗೆ ತನ್ನದೇ ಬೇರಿನ ಮುದ್ದೆ ಇರುವುದಿಲ್ಲ, ನೆಲದಡಿ ಅಡ್ಡಡ್ಡ ಹರಿದ ತಾಯಿಬೇರಿನ ಮೇಲೆ ಅದು ಕೂತಿರುತ್ತದೆ. ಕೈಯಲ್ಲಿ ಜಗ್ಗಿದರೆ ಬೇರಿಲ್ಲದ ಬರೀ ಕಡ್ಡಿ ಬರುತ್ತದೆ. ಸುತ್ತಲೂ ಒಂದು ಗೇಣು ಬಿಟ್ಟು ಸನಿಕೆ ಇಳಿಸಿ ತಾಯಿಬೇರನ್ನು ಎರಡೂ ಕಡೆ ತುಂಡರಿಸಿ, ಮಣ್ಣಿನ ಹೆಂಟೆ ಸಮೇತ ಎತ್ತಿ ಒದ್ದೆ ಗೋಣಿಯಲ್ಲಿ ಸುತ್ತಿ. ಬಿಸಿಲು, ಗಾಳಿಗೆ ಸಣ್ಣ ಬೇರು ಬೇಗ ಒಣಗುತ್ತದೆ.

45ರಿಂದ 60 ಸೆಂ.ಮೀ. ಅಂತರದಲ್ಲಿ, ಸಾಲಿನಿಂದ ಸಾಲಿಗೆ ಸುಮಾರು 2 ಮೀಟರ್ ಬಿಟ್ಟು ನೆಡಿ. ಮೊದಲಿದ್ದ ಮಣ್ಣಿನ ಗುರುತಿಗಿಂತ 2-3 ಸೆಂ.ಮೀ. ಆಳ ಸಾಕು. ನೆಟ್ಟ ಮೇಲೆ ಕೋಲನ್ನು 15-20 ಸೆಂ.ಮೀ. ಎತ್ತರಕ್ಕೆ ಕತ್ತರಿಸಿ, ಇಲ್ಲದಿದ್ದರೆ ಅರೆಬರೆ ಬೇರು ಉದ್ದನೆಯ ಕೋಲಿಗೆ ನೀರು ಒದಗಿಸಲಾರದೆ ಎರಡೂ ಸೊರಗುತ್ತವೆ. ಬುಡ ತುಳಿದು ಗಟ್ಟಿ ಮಾಡಿ, ನೀರು ತುಂಬಿಸಿ, 5-8 ಸೆಂ.ಮೀ. ಒಣ ಎಲೆ ಅಥವಾ ಹುಲ್ಲು ಹೊದಿಸಿ, ಕೋಲಿಗೆ ಮಾತ್ರ ತಾಗಿಸಬೇಡಿ. ರಾಸಾಯನಿಕ ಗೊಬ್ಬರವನ್ನು ಗುಂಡಿಗೆ ಹಾಕಿದರೆ ಎಳೆಬೇರು ಸುಡುತ್ತದೆ.

ಜಾಗದ ವಿಷಯದಲ್ಲಿ ರಾಜಿ ಬೇಡ. 30 ಸೆಂ.ಮೀ. ಆಳದ ಗುಂಡಿ ತೋಡಿ ನೀರು ತುಂಬಿಸಿ, ಅರ್ಧ ದಿನವಾದರೂ ಇಂಗದಿದ್ದರೆ ಅಲ್ಲಿ ಬೇರು ಕೊಳೆಯುವುದು ಖಚಿತ. ಬೇರೆ ಜಾಗವಿಲ್ಲದಿದ್ದರೆ 20-30 ಸೆಂ.ಮೀ. ಏರುಮಡಿ ಮಾಡಿ. ಕಳೆದ 3-4 ವರ್ಷಗಳಲ್ಲಿ ಟೊಮೆಟೊ, ಆಲೂಗಡ್ಡೆ, ಬದನೆ, ಮೆಣಸಿನಕಾಯಿ ಬೆಳೆದ ಮಣ್ಣೂ ಬೇಡ, ಸೊರಗು ರೋಗದ ಶಿಲೀಂಧ್ರ ಅಲ್ಲಿ ಉಳಿದಿರಬಹುದು. ಎಲೆಯಲ್ಲಿ ಹಳದಿ ಮಚ್ಚೆಯಿರುವ, ಹಣ್ಣು ಮುಟ್ಟಿದರೆ ಪುಡಿಯಾಗುವ ಗಿಡದ ಕಂದು ತೆಗೆಯಲೇಬೇಡಿ. ಅದು ನಂಜುರೋಗವಿರಬಹುದು, ಕಂದಿನ ಜೊತೆ ಹೊಸ ಪಾತಿಗೂ ಬರುತ್ತದೆ.

ಹಳೆಯ ಸಾಲಿನಲ್ಲಿ ಆರಿಸಿ ಉಳಿಸಿದ ಕೋಲುಗಳನ್ನು ಈ ಚಳಿಗಾಲ ಬುಡಕ್ಕೆ ಕತ್ತರಿಸದೆ ಬಿಡಿ, ಮುಂದಿನ ಬೇಸಿಗೆಗೆ ಹಣ್ಣು ಸಿಗುತ್ತದೆ. ಹೊಸದಾಗಿ ನೆಟ್ಟಿದ್ದಕ್ಕೆ ಇನ್ನೂ ಒಂದು ವರ್ಷ ಬೇಕು. ನೆಟ್ಟ ಮೋಟುಕೋಲು ವಾರಗಟ್ಟಲೆ ಚಿಗುರದಿದ್ದರೂ ಕೀಳಬೇಡಿ. ಚಿಗುರು ಬೇರಿನಿಂದಲೂ ಬರುತ್ತದೆ, ಕೆಲವೊಮ್ಮೆ ಮೋಟಿನಿಂದ ಗೇಣುದ್ದ ಆಚೆ ಮಣ್ಣು ಸೀಳಿಕೊಂಡು ಏಳುತ್ತದೆ. ಅದು ಎದ್ದ ಮೇಲೆ ಮೋಟನ್ನು ಕತ್ತರಿಸಿ ತೆಗೆಯಿರಿ.