ಮೂರಕ್ಕೆ ಏಳು ಹೊಡೆಯುವ ಗಡಿಯಾರ

ಪ್ರಶ್ನೆ: ನಮ್ಮಜ್ಜನ ಕಾಲದ ಲೋಲಕದ ಗಡಿಯಾರ ಮೊದಲೇ ದಿನಕ್ಕೆ 5 ನಿಮಿಷ ಹಿಂದೆ ಬೀಳುತ್ತಿತ್ತು. ಗೋಡೆಗೆ ಬಣ್ಣ ಹೊಡೆಸಿ ಮತ್ತೆ ತೂಗುಹಾಕಿದ ಮೇಲೆ ಹತ್ತೇ ನಿಮಿಷಕ್ಕೆ ನಿಲ್ಲುತ್ತದೆ. ಮುಳ್ಳು ತಿರುಗಿಸಿದರೆ ಮೂರು ಗಂಟೆಗೆ ಏಳು ಹೊಡೆಯುತ್ತದೆ! ಮೊಮ್ಮಗ ಅದನ್ನು ‘ಟೈಮ್ ಮಷೀನ್’ ಎನ್ನುತ್ತಾನೆ. ಮನೆಯಲ್ಲೇ ಸರಿಪಡಿಸಬಹುದೇ?
— ಓದುಗರೊಬ್ಬರು, ಸಾಗರ

ಉತ್ತರ: ಖಂಡಿತ. ಬಣ್ಣ ಹೊಡೆಸಿದ ಮೇಲೆ ನಿಲ್ಲತೊಡಗಿದೆ ಎಂದರೆ ಪೆಟ್ಟಿಗೆ ವಾಲಿರುವ ಸಾಧ್ಯತೆಯೇ ಹೆಚ್ಚು. ಮೊಳೆ ಅಲುಗಾಡಬಾರದು, ಲೋಲಕ ಹಿಂದಿನ ಹಲಗೆಗೆ ಸವರಬಾರದು. ಕೀಲಿ ಕೊಟ್ಟು ಲೋಲಕ ಆಡಿಸಿ, ಕಣ್ಣು ಮುಚ್ಚಿ ಕೇಳಿ. ‘ಟಿಕ್‌ಟಾಕ್… ಟಿಕ್‌ಟಾಕ್…’ ಎಂದು ಕುಂಟಿದರೆ ಪೆಟ್ಟಿಗೆಯ ಕೆಳತುದಿಯನ್ನು ಎಡಕ್ಕೋ ಬಲಕ್ಕೋ ಒಂದೆರಡು ಮಿಲಿಮೀಟರ್ ಸರಿಸುತ್ತಾ ಹೋಗಿ. ಎರಡು ಸದ್ದುಗಳ ನಡುವಿನ ಬಿಡುವು ಸಮವಾದ ಕಡೆ ಪೆನ್ಸಿಲಿನಿಂದ ಗೋಡೆಗೆ ಗುರುತು ಹಾಕಿ. ಹಾಗಿಟ್ಟರೆ ಪೆಟ್ಟಿಗೆ ಸೊಟ್ಟ ಕಾಣುತ್ತದೆಯೇ? ಅದನ್ನು ನೆಟ್ಟಗೆ ನಿಲ್ಲಿಸಿ, ಲೋಲಕವನ್ನು ತಳ್ಳುವ ತಂತಿಯನ್ನು ಕೆಳತುದಿ ಸರಿದಿದ್ದ ದಿಕ್ಕಿಗೇ ಒಂದು ಕೂದಲೆಳೆಯಷ್ಟು ಬಗ್ಗಿಸಿ. ತಂತಿಯ ಬುಡವನ್ನು ಇನ್ನೊಂದು ಕೈಯಲ್ಲಿ ಹಿಡಿದಿರಿ. ಇಲ್ಲವಾದರೆ ಮೇಲಿನ ತೆಳು ಸ್ಪ್ರಿಂಗ್ ಪಟ್ಟಿ ಮಡಚಿಕೊಂಡು ಲೋಲಕ ಒದ್ದಾಡುತ್ತದೆ.

ಇನ್ನು ಗಂಟೆ. ಹಳೆಯ ಬಹಳಷ್ಟು ಗಡಿಯಾರಗಳಲ್ಲಿ ಎಷ್ಟು ಹೊಡೆಯಬೇಕೆಂಬುದು ಮುಳ್ಳಿಗೆ ಗೊತ್ತಿರುವುದಿಲ್ಲ. ಅಂಚಿನಲ್ಲಿ ಕಚ್ಚುಗಳಿರುವ ಬೇರೊಂದು ಚಕ್ರ ತನ್ನ ಪಾಡಿಗೆ ಎಣಿಸುತ್ತಾ ಹೋಗುತ್ತದೆ. ಏಳು ಹೊಡೆದು ಮುಗಿದ ಕೂಡಲೇ ಗಂಟೆ ಮುಳ್ಳನ್ನಷ್ಟೇ ಮೆಲ್ಲಗೆ 7ಕ್ಕೆ ತಿರುಗಿಸಿ. ಬಿಗಿಯಾಗಿದ್ದರೆ ಒತ್ತಾಯ ಬೇಡ. ಆಮೇಲೆ ನಿಮಿಷದ ಮುಳ್ಳನ್ನು ಮುಂದಕ್ಕೆ ಮಾತ್ರ ತಿರುಗಿಸುತ್ತಾ, ಪ್ರತಿ ಗಂಟೆ, ಅರ್ಧಗಂಟೆಗೂ ಹೊಡೆತ ಮುಗಿಯುವವರೆಗೆ ಕಾದು, ಸರಿಯಾದ ಸಮಯಕ್ಕೆ ತನ್ನಿ. ಹಿಂದಕ್ಕೆ ತಿರುಗಿಸಿದರೆ ಒಳಗಿನ ಸನ್ನೆಗಳು ಬಗ್ಗಿಯಾವು.

ಹಿಂದೆ ಬೀಳುವುದಕ್ಕೆ ಮದ್ದು ಲೋಲಕದ ಬಿಲ್ಲೆಯ ಕೆಳಗಿನ ತಿರುಪು. ಬಿಲ್ಲೆ ಏರಿದರೆ ವೇಗ, ಇಳಿದರೆ ನಿಧಾನ. 25 ಸೆಂ.ಮೀ. ಉದ್ದದ ಲೋಲಕದಲ್ಲಿ 1 ಮಿ.ಮೀ. ಏರಿಸಿದರೆ ದಿನಕ್ಕೆ ಸುಮಾರು 2 ನಿಮಿಷ 50 ಸೆಕೆಂಡ್ ಮುಂದೆ ಹೋಗುತ್ತದೆ. ನಿಮಗೆ 2 ಮಿ.ಮೀ.ಗೂ ಕಡಿಮೆ ಸಾಕು. ತಿರುಗಿಸಿದ ಮೇಲೆ 24 ಗಂಟೆ ಮುಟ್ಟಬೇಡಿ. ಲಂಡನ್ನಿನ ಬಿಗ್ ಬೆನ್ ಗಡಿಯಾರವನ್ನು ಇಂದಿಗೂ ಲೋಲಕದ ಮೇಲೆ ಹಳೆಯ ಪೆನ್ನಿ ನಾಣ್ಯಗಳನ್ನಿಟ್ಟು ಹೊಂದಿಸುತ್ತಾರೆ. ಒಂದು ಪೆನ್ನಿಗೆ ದಿನಕ್ಕೆ 0.4 ಸೆಕೆಂಡ್ ಮುಂದೆ. ಅಲ್ಲಿ ಕೆಲಸ ಮಾಡುವುದು ನಾಣ್ಯದ ಭಾರವಲ್ಲ, ಅದರಿಂದ ತೂಕದ ಕೇಂದ್ರ ತುಸು ಮೇಲೇರುವುದು. ಹಾಗಾಗಿ ಬಿಲ್ಲೆಯ ಕೆಳಗೆ ನಾಣ್ಯ ಅಂಟಿಸಿದರೆ ಇನ್ನಷ್ಟು ಹಿಂದೆ ಬೀಳುತ್ತದೆ.

ಪ್ರಶ್ನೆ: ಗಡಿಯಾರದೊಳಗೆ ಕೊಬ್ಬರಿ ಎಣ್ಣೆ ಬಿಡಬಹುದೇ?

ಉತ್ತರ: ಬೇಡವೇ ಬೇಡ. 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟುತ್ತದೆ. ಚಳಿಗಾಲದ ಬೆಳಗಿನ ಜಾವಕ್ಕೆ ಗಡಿಯಾರ ನಿಂತೇಬಿಟ್ಟೀತು. ಗಡಿಯಾರದ ಎಣ್ಣೆಯನ್ನೇ ಸೂಜಿಮೊನೆಯಲ್ಲಿ ಎತ್ತಿ, ಅಚ್ಚುಗಳ ತುದಿ ಕೂರುವ ಗುಳಿಗಳಿಗೆ ಮಾತ್ರ ತಾಕಿಸಿ, ಗುಳಿ ಅರ್ಧ ತುಂಬುವಷ್ಟು. ಚಕ್ರದ ಹಲ್ಲುಗಳಿಗೆ ಹಚ್ಚಿದರೆ ಧೂಳು ಕೂತು ಅರದಂತೆ ಸವೆಸುತ್ತದೆ. ಹಳೆಯ ಎಣ್ಣೆ ಕಪ್ಪಾಗಿ ಅಂಟಾಗಿದ್ದರೆ ಮೇಲೆ ಹೊಸದು ಬಿಟ್ಟು ಫಲವಿಲ್ಲ, ಬಿಚ್ಚಿ ತೊಳೆಯಬೇಕು. ಆ ಕೆಲಸ ಗಡಿಯಾರ ರಿಪೇರಿಯವರಿಗೇ ಬಿಡಿ. ಕೀಲಿ ಕೊಟ್ಟಾಗ ಸುತ್ತಿಕೊಳ್ಳುವ ಸ್ಪ್ರಿಂಗಿನ ಬಿಗಿ ಇಳಿಸದೆ ಚಕ್ರಗಳನ್ನು ಹಿಡಿದಿರುವ ತಗಡು ಬಿಚ್ಚಿದರೆ ಸ್ಪ್ರಿಂಗ್ ಸಿಡಿದು ಬೆರಳು ಸೀಳುತ್ತದೆ.